ತಗಡಿನ ಮೇಲಿನ ಏಳು

ಸೃಷ್ಟಿಯಲ್ಲಿ ಯಾವ ವಸ್ತುವೂ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ ಎಂದು ತಿಳಿದವರು ಬಹಳ ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ನಮ್ಮ ಕಚೇರಿಯೂ ಇದನ್ನು ತಾತ್ವಿಕವಾಗಿ ಒಪ್ಪುತ್ತದೆ. ಆದರೆ ರೂಪ ಬದಲಿಸಿದ ವಸ್ತುವಿಗೆ ಅರ್ಜಿ ನಮೂನೆ ಬೇರೆ ಇದೆ, ಮತ್ತು ಬದಲಿಸುವುದಕ್ಕೆ ಮೊದಲೇ ಲಿಖಿತ ಅನುಮತಿ ಪಡೆದಿರಬೇಕು.

ವಿಮಾನವೊಂದು ಹಾರಲು ಯೋಗ್ಯವೋ ಅಲ್ಲವೋ ಎಂದು ನೋಡಿ ಬರೆಯುವುದು ನನ್ನ ಉದ್ಯೋಗವಾಗಿತ್ತು. ನಾನು ಹಾರಿಸುವವನಲ್ಲ, ರಿಪೇರಿ ಮಾಡುವವನೂ ಅಲ್ಲ. ನೋಡುವವನು, ಬರೆಯುವವನು. ಬೆಂಗಳೂರಿನ ಕಚೇರಿಯಲ್ಲಿ ಮೂವತ್ತು ವರ್ಷ ಈ ಎರಡನ್ನೇ ಮಾಡಿದೆ. ಇಷ್ಟು ಕಾಲ ಇದನ್ನೇ ಮಾಡಿದವನಿಗೆ ಸಂತೋಷ, ದುಃಖ ಎರಡೂ ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಯಲ್ಲೇ ಇರುತ್ತವೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಹಳೆಯ ವಿಮಾನಗಳ ಕಡತವನ್ನು ನನಗೆ ಒಪ್ಪಿಸಿದರು. ಕಾರಣ ಯಾರೂ ಹೇಳಲಿಲ್ಲ. ನನ್ನ ತಲೆಗೂದಲು ನೋಡಿ ಆ ನಿರ್ಧಾರಕ್ಕೆ ಬಂದಿರಬೇಕು.

ಹಳೆಯ ವಿಮಾನವೆಂದರೆ, ಅದನ್ನು ತಯಾರಿಸಿದ ಕಂಪನಿ ಮುಚ್ಚಿ, ಬಿಡಿಭಾಗ ಸಿಗುವುದು ನಿಂತು, ಆದರೂ ಯಾರೋ ಒಬ್ಬರು ಹಟ ಹಿಡಿದು ಜೋಡಿಸಿಕೊಂಡಿರುವಂಥದು. ಇಂಥವಕ್ಕೆ ಮಾಮೂಲಿ ಪ್ರಮಾಣಪತ್ರ ಸಿಗುವುದಿಲ್ಲ. ವಿಶೇಷ ಅನುಮತಿ ಎಂದು ಒಂದಿದೆ. ಹಗಲಲ್ಲಿ ಮಾತ್ರ ಹಾರಬೇಕು, ಮೋಡ ಇರಬಾರದು, ಬಾಡಿಗೆಗೆ ಜನರನ್ನು ಕೂರಿಸಬಾರದು, ಜನವಸತಿಯ ಮೇಲೆ ಹೋಗಬಾರದು. ಒಟ್ಟಿನಲ್ಲಿ, ಹಾರಬಹುದು, ಆದರೆ ಯಾರ ತಲೆಯ ಮೇಲೂ ಬೇಡ ಎಂಬುದು ಅದರ ಸಾರಾಂಶ. ಅರ್ಜಿ ಹಾಕುವವರು ಸಾಮಾನ್ಯವಾಗಿ ದೊಡ್ಡ ಸಿರಿವಂತರು. ಅವರ ಪರವಾಗಿ ವಕೀಲರು ಮಾತನಾಡುತ್ತಾರೆ, ವಿಮಾನದ ಬಳಿ ನಿಂತಾಗ ಆಳೊಬ್ಬ ಕೊಡೆ ಹಿಡಿಯುತ್ತಾನೆ.

ಆದ್ದರಿಂದ ಭದ್ರಾವತಿಯ ನ್ಯೂ ಟೌನ್ ವಿಳಾಸದಿಂದ ಒಂದು ಅರ್ಜಿ ಬಂದಾಗ ಕಚೇರಿಯಲ್ಲಿ ಅದನ್ನು ಟಪಾಲಿನ ತಪ್ಪು ಎಂದುಕೊಂಡರು. ಅರ್ಜಿದಾರರ ಉದ್ಯೋಗ ಎಂಬಲ್ಲಿ ‘ನಿವೃತ್ತ ಫೋರ್‌ಮನ್, ಮೆಷಿನ್ ಶಾಪ್’ ಎಂದಿತ್ತು. ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಯಾವ ಕಾಲಮ್ಮನ್ನೂ ಖಾಲಿ ಬಿಟ್ಟಿರಲಿಲ್ಲ. ಇದೇ ನಮಗೆ ಮೊದಲ ಅನುಮಾನ ಹುಟ್ಟಿಸಿದ್ದು.

ನನ್ನ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಹೆಂಡತಿ ಅಲ್ಲೇ ಶಾಲೆಯಲ್ಲಿ ಮೇಡಂ ಆಗಿದ್ದವಳು. ನಾನು ವಾರಕ್ಕೊಮ್ಮೆ ಬೆಂಗಳೂರಿನಿಂದ ಹೋಗಿ ಬರುತ್ತಿದ್ದೆ. “ಹೇಗೂ ಆ ಕಡೆ ಹೋಗ್ತೀರಲ್ಲ ಸಾರ್, ನೋಡ್ಕೊಂಡು ಬಂದ್ಬಿಡಿ” ಎಂದು ನನ್ನ ಕೆಳಗೆ ಕೆಲಸ ಮಾಡುತ್ತಿದ್ದ ಕಿರಿಯ ಅಧಿಕಾರಿ ಕಡತ ಕೊಟ್ಟಳು. ಎಪ್ಪತ್ತು ವರ್ಷ ಹಳೆಯ ವಿಮಾನವೊಂದರ ಭವಿಷ್ಯವನ್ನು, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎನ್ನುವಷ್ಟು ಹಗುರವಾಗಿ ನನ್ನ ಚೀಲಕ್ಕೆ ಹಾಕಿದಳು.

ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ನ್ಯೂ ಟೌನಿನ ಅಂಚಿನಲ್ಲಿ ಅವರ ಸ್ವಂತ ಮನೆ. ಪಕ್ಕದಲ್ಲಿ ಮನೆಗಿಂತ ದೊಡ್ಡದಾದ ತಗಡಿನ ಷೆಡ್ಡು. ಗೇಟಿನಲ್ಲಿ ನಿಂತಿದ್ದವರೇ ಫೋರ್‌ಮನ್ ಎಂದು ಕೇಳದೆ ತಿಳಿಯಿತು. ಎದೆ ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲಿತ್ತು.

“ಬನ್ನಿ ಸಾರ್. ಬಸ್ಸಲ್ಲಿ ಬಂದ್ರಾ? ವಿಮಾನದ ಆಫೀಸ್ನೋರು ಅಂದ್ಮೇಲೆ ಮೇಲಿಂದಾನೇ ಇಳೀತಾರೇನೋ ಅಂತ ನಮ್ಮನೆಯೋಳು ಬಟ್ಟೆ ಒಣಗ್ಸೋ ಹಗ್ಗ ಬಿಚ್ಚಿಟ್ಟಿದ್ದಾಳೆ” ಎಂದರು.

“ನಾನೆಲ್ಲಿ ಬಿಚ್ಚಿದ್ದು? ಬಟ್ಟೆ ಒಣಗಿತ್ತು, ತೆಗ್ದೆ” ಎಂದು ಒಳಗಿನಿಂದ ಧ್ವನಿ ಬಂತು. ಅದು ಅವರ ಹೆಂಡತಿ. ಹೊಳಲೂರಿನ ಕಡೆಯವರು, ಹೊಲಿಗೆ ಕಲಿಸುತ್ತಿದ್ದವರು ಎಂದು ಆಮೇಲೆ ತಿಳಿಯಿತು.

ವಿಮಾನ ಎರಡು ಸೀಟಿನದು, ಒಂದರ ಹಿಂದೆ ಒಂದು. ಬಹಳ ಹಿಂದೆ ಹುಡುಗರಿಗೆ ಹಾರಾಟ ಕಲಿಸಲು ಬಳಸುತ್ತಿದ್ದ ಜಾತಿ. ಮುಚ್ಚಿಹೋದ ಫ್ಲೈಯಿಂಗ್ ಕ್ಲಬ್ಬೊಂದು ಗುಜರಿಗೆ ಹಾಕಿದಾಗ ಇವರು ಕೊಂಡು, ಲಾರಿಯ ಮೇಲೆ ತಂದು, ಮೂವತ್ತೆರಡು ವರ್ಷ ಒಂದೊಂದೇ ಭಾಗ ಬಿಚ್ಚಿ, ನೋಡಿ, ಮಾಡಿ, ಜೋಡಿಸಿದ್ದರು. ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಜನ ಇಸ್ಪೀಟು ಆಡುತ್ತಾರೆ. ಇವರು ಹಾಗೆ ವಿಮಾನ ಆಡಿದ್ದರು.

ನಾನು ನೋಡತೊಡಗಿದೆ. ತಪ್ಪು ಹುಡುಕುವುದು ನನ್ನ ಕಸುಬು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಗಂಟೆಯಾದರೂ ಒಂದೂ ಸಿಗದಿದ್ದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಚುಕ್ಕಾಣಿಯ ತಂತಿಗಳ ಬಿಗಿ ಸರಿಯಾಗಿತ್ತು. ಪ್ರತಿ ನಟ್ಟಿಗೂ ತಂತಿಯ ಬೀಗ ಹಾಕಿದ್ದರು, ಎಲ್ಲ ಒಂದೇ ದಿಕ್ಕಿಗೆ, ಒಂದೇ ಸುತ್ತು. ರೆಕ್ಕೆಗೆ ಬಟ್ಟೆ ಹೊದಿಸಿ, ಉಗುರಿನ ಬಣ್ಣದಂಥ ವಾಸನೆಯ ದ್ರಾವಣ ಬಳಿದು ಬಿಗಿ ಮಾಡಿದ್ದರು. ಹೆಬ್ಬೆರಳಿಂದ ಒತ್ತಿದರೆ ಮೃದಂಗದ ಹಾಗೆ ಎದುರು ಒತ್ತುತ್ತಿತ್ತು.

“ಹೊಲಿಗೆ ನಂದು ಸಾರ್” ಎಂದು ಫೋರ್‌ಮನ್ನರ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು. “ಇಂಚಿಗೆ ಎಷ್ಟು ಹೊಲಿಗೆ ಅಂತ ಇವ್ರು ಸ್ಕೇಲ್ ಇಟ್ಟು ಎಣ್ಸಿದಾರೆ. ನನ್ನ ಮದ್ವೆ ರವಿಕೇನೂ ಯಾರೂ ಅಷ್ಟು ನೋಡಿರ್ಲಿಲ್ಲ.”

“ರವಿಕೆ ಬಿಚ್ಕೊಂಡ್ರೆ ಮರ್ಯಾದೆ ಹೋಗುತ್ತೆ, ಇದು ಬಿಚ್ಕೊಂಡ್ರೆ ಜೀವ ಹೋಗುತ್ತೆ ಮಾರಾಯ್ತಿ” ಎಂದರು ಫೋರ್‌ಮನ್.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಪರೀಕ್ಷೆ. ವಿಮಾನವನ್ನು ಹಿತ್ತಲಿನ ಬಯಲಿಗೆ ತಳ್ಳಿದೆವು. ಬಾಲಕ್ಕೆ ಹಗ್ಗ ಕಟ್ಟಿ ಹಗ್ಗವನ್ನು ನೇರಳೆ ಮರಕ್ಕೆ ಬಿಗಿದರು. ಚಕ್ರಗಳ ಮುಂದೆ ತಡೆಗೆ ಮರದ ತುಂಡುಗಳು. ನಾನು ಹಿಂದಿನ ಸೀಟಿನಲ್ಲಿ ಕೂತೆ, ಫೋರ್‌ಮನ್ ಕೈಯಿಂದಲೇ ಪಂಖ ತಿರುಗಿಸಿದರು. ಎರಡನೆಯ ಸಲಕ್ಕೆ ಹೊತ್ತಿಕೊಂಡಿತು. ಪೂರ್ತಿ ವೇಗ ಕೊಟ್ಟಾಗ ಬಾಲ ಮೆಲ್ಲಗೆ ನೆಲ ಬಿಟ್ಟು, ಹಗ್ಗ ಬಿಡುವಷ್ಟು ಎತ್ತರಕ್ಕೆ ಏರಿ ನಿಂತಿತು. ಹಕ್ಕಿಗಳೆಲ್ಲ ಮರ ಬಿಟ್ಟು ಹೋದವು. ನಾನು ನನ್ನ ಪಟ್ಟಿಯಲ್ಲಿ ‘ತೃಪ್ತಿಕರ’ ಎಂದು ಬರೆದೆ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯ ಪದವಿಲ್ಲ.

ಎಂಜಿನ್ ಆರಿಸಿದ ಮೇಲೆ ಕಿವಿ ಗುಂಯ್‌ಗುಡುತ್ತಿತ್ತು. ಫೋರ್‌ಮನ್ ಪಂಖದ ಮೇಲೆ ಕೈಯಿಟ್ಟು ನಿಂತಿದ್ದರು.

“ಒಂದೇ ಒಂದ್ಸಲ ಸಾರ್” ಎಂದರು. “ನಾನೇನು ಇದ್ರಲ್ಲಿ ಮೈಸೂರಿಗೆ ಹೋಗ್ಬೇಕಾಗಿಲ್ಲ. ಶಿವಮೊಗ್ಗದ ಹೊಸ ಏರ್‌ಪೋರ್ಟಲ್ಲಿ ಎದ್ದು, ಹತ್ತು ನಿಮ್ಷ ಗದ್ದೆ ಮೇಲೆ ಸುತ್ತಿ, ಅಲ್ಲೇ ಇಳಿದ್ರೆ ಸಾಕು. ಮೂವತ್ತೆರಡು ವರ್ಷ ಮಾಡಿದ ಜಾಬು. ಹಾರುತ್ತೋ ಇಲ್ವೋ ಗೊತ್ತಾಗ್ಬೇಕಲ್ಲ? ಹಾರ್ದಿದ್ರೂ ಪರವಾಗಿಲ್ಲ, ಗೊತ್ತಾದ್ರೆ ಸಾಕು.”

ಹಾರಿಸಲು ಬೆಂಗಳೂರಿನ ಒಬ್ಬ ನಿವೃತ್ತ ಪೈಲಟ್ ಒಪ್ಪಿದ್ದರು. ಈ ಜಾತಿಯ ವಿಮಾನದಲ್ಲೇ ಕಲಿತವರು, ಈಗ ಅದನ್ನು ಹಾರಿಸಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಅವರ ವೈದ್ಯಕೀಯ ಪರೀಕ್ಷೆಯ ಅವಧಿ ಮಾರ್ಚ್ ಕೊನೆಯವರೆಗೆ ಮಾತ್ರ. ಮತ್ತೆ ಪಾಸಾಗುವ ಭರವಸೆ ಅವರಿಗೇ ಇರಲಿಲ್ಲ. ಹಾಗಾಗಿ ಮಾರ್ಚ್‌ನೊಳಗೆ ಅನುಮತಿ ಬೇಕು. ಇಲ್ಲವಾದರೆ ಇಲ್ಲ.

ಉಳಿದದ್ದು ಗುರುತಿನ ತಗಡು. ಪ್ರತಿ ವಿಮಾನದೊಳಗೂ ಒಂದು ಸಣ್ಣ ಲೋಹದ ತಗಡಿರುತ್ತದೆ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ. ರೆಕ್ಕೆ ಬದಲಿಸಬಹುದು, ಎಂಜಿನ್ ಬದಲಿಸಬಹುದು, ಬಟ್ಟೆ ಪೂರ್ತಿ ಕಿತ್ತು ಹೊಸದು ಹಾಕಬಹುದು. ತಗಡು ಉಳಿದಿದ್ದರೆ ವಿಮಾನ ಅದೇ ವಿಮಾನ. ನಮ್ಮ ಶಾಸ್ತ್ರದಲ್ಲಿ ಆತ್ಮ ಇರುವುದು ಈ ತಗಡಿನಲ್ಲಿ, ಎರಡು ರಿವಿಟ್ಟುಗಳ ನಡುವೆ.

ನಾನು ಟಾರ್ಚು, ಭೂತಗನ್ನಡಿ ಹಿಡಿದು ಬಗ್ಗಿದೆ. ಹಿತ್ತಾಳೆಯ ತಗಡು. ಹಳೆಯ ವಿಮಾನದ ತಗಡು ಸಾಮಾನ್ಯವಾಗಿ ಕಪ್ಪಿಟ್ಟು ಎಣ್ಣೆ ಹಿಡಿದಿರುತ್ತದೆ. ಇದು ದೇವರ ಮುಂದಿನ ದೀಪದ ಹಾಗೆ ಫಳಫಳ ಅನ್ನುತ್ತಿತ್ತು. ತಯಾರಕರ ಹೆಸರು ನೆರಳಿನಂತೆ ಮಾಸಿತ್ತು. ಅಂಕಿಗಳು ಮಾತ್ರ ಸ್ಪಷ್ಟ: ಮೂರು, ಎಂಟು, ಎರಡು, ಏಳು. ಅರ್ಜಿಯಲ್ಲೂ ಅದೇ ಇತ್ತು. ಬರೆದುಕೊಂಡು ಇಳಿದೆ.

ಜಗಲಿಯಲ್ಲಿ ಕಾಫಿ ಬಂತು, ಸ್ಟೀಲ್ ಲೋಟದಲ್ಲಿ. ಲೋಟದ ಅಂಚಿನ ಕೆಳಗೆ ನಾಲ್ಕು ಅಂಕಿ ಹೊಡೆದಿತ್ತು. ನಮ್ಮ ಮನೆಗಳಲ್ಲಿ ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದು ರೂಢಿ. ಅಂಕಿ ಹೊಡೆದದ್ದನ್ನು ನಾನು ಕಂಡಿರಲಿಲ್ಲ.

“ಇದೇನು ಫೋರ್‌ಮನ್ರೇ ನಂಬರು?”

“ಕಾರ್ಖಾನೇಲಿ ನನ್ನ ಟಿಕೆಟ್ ನಂಬರ್ ಸಾರ್. ನನ್ನ ಹೆಸ್ರಿನೋರು ಈ ಬೀದೀಲೇ ನಾಲ್ಕು ಜನ ಇದ್ದಾರೆ. ನಂಬರ್ ಆದ್ರೆ ಒಬ್ರದ್ದೇ.”

“ಮದ್ವೆಗೆ ಉಡುಗೊರೆ ಕೊಟ್ಟ ಪಾತ್ರೆಗೂ ಹೊಡ್ದು ಕೊಡ್ತಾರೆ” ಎಂದರು ಹೆಂಡತಿ. “ಇದೇನು ಜೈಲಿಂದ ತಂದಿದ್ದಾ ಅಂತ ಬೀಗರು ಕೇಳಿದ್ರು.”

ನಾನು ಲೋಟ ತಿರುಗಿಸಿದೆ. ಆ ನಾಲ್ಕು ಅಂಕಿಗಳಲ್ಲಿ ಎರಡು ಏಳು. ಎರಡೂ ಏಳುಗಳ ಪಾದದಲ್ಲಿ, ಎಡಗಡೆಗೆ, ಸಾಸಿವೆಯ ಅರ್ಧದಷ್ಟು ಚೂರು ಇರಲಿಲ್ಲ. ಐದು ನಿಮಿಷದ ಹಿಂದೆ ಭೂತಗನ್ನಡಿಯಲ್ಲಿ ಅಂಥದೇ ಒಂದನ್ನು ನೋಡಿದ್ದೆ.

ಆ ಹೊತ್ತಿನಲ್ಲಿ ನಾನು ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಮೂರೂಕಾಲರ ಬಸ್ಸು ಹಿಡಿಯಬಹುದಿತ್ತು. ಇದರ ಬಗ್ಗೆ ಆಮೇಲೆ ಬೇಕಾದಷ್ಟು ಯೋಚಿಸಿದ್ದೇನೆ. ಆಗ ಮಾತ್ರ ಯೋಚಿಸಲಿಲ್ಲ. ಬಾಯಿ ತಾನೇ ಕೇಳಿತು.

“ಅಂಕಿ ಹೊಡೆಯುವ ಪಂಚು ನಿಮ್ಮದೇನಾ?”

“ನಂದೇ. ನಾನೇ ಮಾಡ್ಕೊಂಡಿದ್ದು, ಒಂದರಿಂದ ಒಂಬತ್ತು, ಸೊನ್ನೆ” ಎಂದು ಅವರು ಉತ್ಸಾಹದಿಂದ ಒಳಗೆ ಹೋಗಿ ಮರದ ಪೆಟ್ಟಿಗೆ ತಂದರು. ಒಂದು ಬೆರಳುದ್ದದ ಉಕ್ಕಿನ ಕಡ್ಡಿ ಎತ್ತಿ ನನ್ನ ಅಂಗೈಯಲ್ಲಿಟ್ಟರು. “ಈ ಏಳಕ್ಕೆ ಮಾತ್ರ ಒಂದು ಚೂರು ಹಾರಿದೆ ನೋಡಿ. ಸ್ವಲ್ಪ ಹೆಚ್ಚು ಗಟ್ಟಿಯಾಗ್ಬಿಟ್ಟಿತ್ತು. ಬೇರೆ ಮಾಡ್ಬೇಕು ಮಾಡ್ಬೇಕು ಅಂತ ಹಾಗೇ ಉಳೀತು.”

“ತಗಡಿನ ಮೇಲಿನ ಏಳನ್ನೂ ಇದರಲ್ಲೇ ಹೊಡೆದಿರಾ?”

“ಹೌದು ಸಾರ್” ಎಂದರು, ಒಂದು ಕ್ಷಣವೂ ತಡೆಯದೆ. “ನಾಲ್ಕೂ ಅಂಕೀನೂ ನಂದೇ.”

ನಡೆದದ್ದು ಇಷ್ಟು. ಆಯುಧಪೂಜೆಯ ದಿನ ಅವರ ಮನೆಯಲ್ಲಿ ಲೇತು, ಡ್ರಿಲ್ಲು, ಸ್ಕೂಟರು, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ವಿಮಾನಕ್ಕೆ ಮೊದಲ ಪೂಜೆ. ಹಿಂದಿನ ದಿನವೇ ಫೋರ್‌ಮನ್ ತಗಡಿನ ರಿವಿಟ್ಟು ತೆಗೆದು ಹೆಂಡತಿಯ ಕೈಗೆ ಕೊಡುವರು. ಅವರು ಅದನ್ನು ದೀಪ, ಗಂಟೆ, ಆರತಿ ತಟ್ಟೆಗಳ ಜೊತೆಗೆ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿ ವಾಪಸ್ ಕೊಡುವರು. ಮೂವತ್ತೆರಡು ಆಯುಧಪೂಜೆ. ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ. ಅರ್ಜಿಗೆ ತಗಡಿನ ಫೋಟೋ ಲಗತ್ತಿಸಬೇಕು ಎಂದು ಓದಿ ಇವರು ಕನ್ನಡಕ ಹಾಕಿಕೊಂಡು ನೋಡಿದಾಗ, ಅಂಕಿ ಇದ್ದ ಜಾಗದಲ್ಲಿ ಅವರ ಮುಖವೇ ಕಾಣಿಸಿತ್ತು.

“ಹಿತ್ತಾಳೆ ಅಂದ್ಮೇಲೆ ಹುಣಸೆಹಣ್ಣು ಹಾಕದೆ ಇರೋಕಾಗುತ್ತಾ?” ಎಂದರು ಹೆಂಡತಿ. ಅವರ ಧ್ವನಿ ಸ್ವಲ್ಪ ಇಳಿದಿತ್ತು. “ಕಿಲುಬು ಹಿಡಿಸಿ ದೇವ್ರ ಮುಂದೆ ಇಡೋಕಾಗುತ್ತಾ?”

“ತೊಳೆಯುವಾಗ ನಂಬರ್ ಓದಿದ ನೆನಪಿದೆಯಾ ಅಮ್ಮ?”

“ತಿಕ್ಕೋವಾಗ ಯಾರಾದ್ರೂ ಓದ್ತಾರಾ ಸಾರ್?”

ಫೋರ್‌ಮನ್ನರಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ. ಅವರ ಶಾಪಿನಲ್ಲಿ ನಿಯಮವೇ ಹಾಗಿತ್ತಂತೆ. ಜಾಬಿನ, ಎಂದರೆ ಕೈಯಲ್ಲಿರುವ ಭಾಗದ, ಮೇಲಿನ ನಂಬರು ಅಳಿಸಿದರೆ ಅದನ್ನು ಕಂಡವನು ಅಲ್ಲೇ ಮತ್ತೆ ಹೊಡೆಯಬೇಕು. ಹೊಡೆಯದೆ ಮುಂದಕ್ಕೆ ದಾಟಿಸಿದರೆ ಮೆಮೊ. ನಮ್ಮಲ್ಲಿ ಇದರ ತಿರುವುಮುರುವು. ತಗಡಿನ ಮೇಲೆ ಮಾಲೀಕರು ಒಂದು ಗೀರು ಎಳೆಯುವಂತಿಲ್ಲ. ಅಳಿಸಿದ್ದರೆ ಅಳಿಸಿದ್ದನ್ನೇ ತೋರಿಸಿ, ಪುರಾವೆ ಕೊಟ್ಟು, ಬದಲಿ ತಗಡಿಗೆ ಅರ್ಜಿ ಹಾಕಬೇಕು. ಒಬ್ಬರ ಕರ್ತವ್ಯ ಇನ್ನೊಬ್ಬರ ಅಪರಾಧ. ಇದನ್ನು ನಾನು ಅವರಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ನಿಮ್ದೂ ಸರಿ ಬಿಡಿ” ಎಂದರು.

“ಸರಿ, ನಂಬರ್ ಯಾವುದೆಂದು ಹೇಗೆ ಗೊತ್ತಾಯಿತು ನಿಮಗೆ?”

ಗುಜರಿ ಹರಾಜಿನಲ್ಲಿ ಕೊಟ್ಟ ಚೀಟಿ ತೋರಿಸಿದರು. ಮೂರನೆಯ ಕಾರ್ಬನ್ ಪ್ರತಿ, ಹಳದಿಯಾಗಿತ್ತು. ಹಾರಾಟದ ದಾಖಲೆ ಪುಸ್ತಕಗಳನ್ನು ಕ್ಲಬ್ಬಿನವರು ಕೊಟ್ಟೇ ಇರಲಿಲ್ಲ. ಚೀಟಿಯಲ್ಲಿ ಮೊದಲ ಮೂರು ಅಂಕಿ ಓದಬಹುದಿತ್ತು. ನಾಲ್ಕನೆಯದು ಒಂದು ಉದ್ದ ಗೆರೆ, ತಲೆಯಲ್ಲಿ ಸಣ್ಣ ಕೊಂಕು. ಒಂದು ಇರಬಹುದು. ಏಳೂ ಇರಬಹುದು.

“ಇದು ಒಂದೂ ಆಗಬಹುದಲ್ಲ ಫೋರ್‌ಮನ್ರೇ?”

“ಆಗ್ಬಹುದು” ಎಂದು ಒಪ್ಪಿದರು. ಆಮೇಲೆ ಸ್ವಲ್ಪ ನಾಚಿಕೊಂಡು, “ಒಂದು ಅಂತ ಹೊಡೆದ್ರೆ ಏನು ಚಂದ ಸಾರ್? ಏಳು ಅಂತ ಹೊಡೆದೆ. ಏಳ್ಲಿ ಅಂತ” ಎಂದರು.

ನಾನು ನಗಲಿಲ್ಲ. ಏಕೆಂದರೆ ಕಡತದಲ್ಲಿ ಇನ್ನೊಂದು ವಿಷಯವಿತ್ತು, ಅದನ್ನು ನಾನು ಬಸ್ಸಿನಲ್ಲಿ ಓದಿದ್ದೆ. ಮೂರು ಎಂಟು ಎರಡು ಒಂದು ಎಂಬ ಅವಳಿ ವಿಮಾನ ಅದೇ ಕ್ಲಬ್ಬಿನಲ್ಲಿತ್ತು. ಅದು ಬಿದ್ದು, ಬೆನ್ನು ಮುರಿದು, ಇನ್ನು ಎಂದಿಗೂ ಹಾರಿಸತಕ್ಕದ್ದಲ್ಲ ಎಂದು ಷರಾ ಬರೆದು ದಾಖಲೆಯಿಂದ ತೆಗೆದದ್ದು. ಇದು ಏಳಾದರೆ ಗಟ್ಟಿ ವಿಮಾನ. ಒಂದಾದರೆ ಮುರಿದದ್ದನ್ನು ಸೇರಿಸಿದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಇದನ್ನೂ ಹೇಳಿದೆ. ಫೋರ್‌ಮನ್ ನನ್ನ ಕೈಯಿಂದ ಪಂಚು ತೆಗೆದುಕೊಂಡು ಪೆಟ್ಟಿಗೆಯಲ್ಲಿ ಅದರ ಜಾಗಕ್ಕೆ ಇಟ್ಟರು.

“ಇದ್ನೆಲ್ಲ ಬರೀತೀರಾ ಸಾರ್?” ಎಂದು ಹೆಂಡತಿ ಕೇಳಿದರು.

“ಬರೀಬೇಕಾಗುತ್ತೆ ಅಮ್ಮ.”

“ಬರೀದಿದ್ರೆ?”

“ಏ, ಸುಮ್ನಿರು ಮಾರಾಯ್ತಿ” ಎಂದರು ಫೋರ್‌ಮನ್. “ನಾನು ಆರು ವರ್ಷ ಚೆಕ್ಕಿಂಗ್‌ನಲ್ಲಿದ್ದೆ. ಯಾರ ಜಾಬ್ ಬಿಟ್ಟಿದ್ದೀನಿ ಹೇಳು? ನಿಮ್ಮಣ್ಣಂದೇ ರಿಜೆಕ್ಟ್ ಮಾಡಿದ್ದೆ.”

“ಅದಕ್ಕೇ ಅವ್ನು ಈ ಮನೆ ಮೆಟ್ಲು ಹತ್ತಲ್ಲ” ಎಂದು ಅವರು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ವಿನೋಬನಗರದ ಮನೆಯಲ್ಲಿ ನನ್ನ ಹೆಂಡತಿ ಎಲ್ಲವನ್ನೂ ಕೇಳಿ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿದಳು.

“ಆ ಲೋಟ ಯಾಕೆ ತಿರುಗಿಸಿ ನೋಡಿದ್ರಿ?”

“ಕಣ್ಣಿಗೆ ಬಿತ್ತು.”

“ಮೂವತ್ತು ವರ್ಷದಿಂದ ಕಾಫಿ ಕೊಡ್ತಿದ್ದೀನಿ. ಯಾವ ಲೋಟ, ಯಾವ ಬಣ್ಣ ಅಂತ ಒಂದಿನ ನೋಡಿಲ್ಲ. ಅವ್ರ ಮನೇಲಿ ಹೋಗಿ ಏಳರ ಕಾಲು ನೋಡ್ಕೊಂಡು ಬಂದಿದ್ದೀರ.”

“ನೋಡಿದ್ದು ನೋಡಿಯಾಯ್ತಲ್ಲ ಮಾರಾಯ್ತಿ.”

“ಅದೇ ನಾನೂ ಹೇಳ್ತಿರೋದು” ಎಂದು ಮತ್ತೆ ಹುರುಳಿಕಾಯಿ ಮುರಿಯತೊಡಗಿದಳು.

ನನಗೆ ಬೇಸರವಾಗಲಿಲ್ಲ. ಬೇಸರವಾಗಬೇಕಾದ ಸಂದರ್ಭ ಇದು ಎಂದು ಗೊತ್ತಿತ್ತು. ಕಾಲು ಜೋಮು ಹಿಡಿದಾಗ ನೆಲ ಇದೆ ಎಂದು ಗೊತ್ತಿದ್ದೂ ತಗಲುವುದಿಲ್ಲವಲ್ಲ, ಹಾಗೆ. ಊಟ ಮಾಡಿ ವರದಿಯ ಕರಡು ಬರೆದೆ.

ಒಂದು ದಾರಿ ಉಳಿದಿತ್ತು. ಈ ಜಾತಿಯ ವಿಮಾನದಲ್ಲಿ ತಗಡಿನ ನಂಬರನ್ನೇ ಮುಂದಿನ ಸೀಟಿನ ಕೆಳಗಿನ ಉಕ್ಕಿನ ಕೊಳವೆಯ ಮೇಲೂ ಹೊಡೆದಿರುತ್ತಾರೆ. ಅದು ಸಿಕ್ಕರೆ ಎಲ್ಲ ತೀರ್ಮಾನವಾಗುತ್ತದೆ. ಮುಂದಿನ ವಾರ ಮತ್ತೆ ಹೋದೆ. ಸೀಟು ಬಿಚ್ಚಿದರು. ಟಾರ್ಚು ಬಿಟ್ಟು ನೋಡಿದೆ. ಕೊಳವೆ ಹೊಸದು, ನುಣ್ಣಗೆ ಬಣ್ಣ ಬಳಿದದ್ದು.

“ಹಳೇದಕ್ಕೆ ತುಕ್ಕು ಹಿಡ್ದಿತ್ತು ಸಾರ್. ಬದಲಾಯಿಸಿದೆ” ಎಂದರು.

“ಹಳೇದು ಎಲ್ಲಿದೆ?”

ಅವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಬಚ್ಚಲಮನೆಯ ಕಡೆ ನೋಡಿದರು. ತುಕ್ಕು ಹಿಡಿದ ಭಾಗ ಕತ್ತರಿಸಿ ಉಳಿದದ್ದನ್ನು ಊದುಕೊಳವೆ ಮಾಡಿಕೊಟ್ಟಿದ್ದರಂತೆ, ನೀರೊಲೆಗೆ.

ಹೀಗೆ ಕೇಂದ್ರ ಸರ್ಕಾರದ ಒಬ್ಬ ಹಿರಿಯ ಅಧಿಕಾರಿ ಮತ್ತು ಒಬ್ಬ ನಿವೃತ್ತ ಫೋರ್‌ಮನ್ ಬಚ್ಚಲ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಭೂತಗನ್ನಡಿ ಹಿಡಿದು ಊದುಕೊಳವೆ ಪರೀಕ್ಷಿಸಿದರು. ಮಸಿ ಒರೆಸಿದೆವು. ಒಂದು ತುದಿಯಲ್ಲಿ ಅಂಕಿಗಳು ಮೂಡಿದವು. ಇನ್ನೂ ಒರೆಸಿದೆ. ನಾಲ್ಕು ಅಂಕಿ, ಅದರಲ್ಲಿ ಎರಡು ಏಳು. ಅವರ ಟಿಕೆಟ್ ನಂಬರು. ಅದರ ಕೆಳಗೆ ಅರ ಹಾಕಿ ಉಜ್ಜಿ ಸಮ ಮಾಡಿದ ಗುರುತು.

“ಮೊದ್ಲು ಏನೋ ಇತ್ತು” ಎಂದರು ಫೋರ್‌ಮನ್ ಮೆಲ್ಲಗೆ. “ಅದ್ರ ಮೇಲೇ ಹೊಡೆದ್ರೆ ಗಲೀಜಾಗುತ್ತೆ ಅಂತ ಅರ ಹಾಕಿದ್ದೆ. ಕೆಲ್ಸ ಅಂದ್ಮೇಲೆ ನೀಟಾಗಿರ್ಬೇಕಲ್ಲ.”

“ಆಸಿಡ್ ಹಚ್ಚಿ ನೋಡೋಣವಾ? ಅಳಿಸಿದ ಅಂಕಿ ಕೆಲವು ಸಲ ಮೇಲೆ ಬರುತ್ತದೆ.”

ಅವರು ತಲೆ ಅಲ್ಲಾಡಿಸಿದರು. “ಅರ ಹಾಕಿದ್ದು ಮಾತ್ರ ಆಗಿದ್ರೆ ಬರ್ತಿತ್ತು. ಇದು ದಿನಾ ಒಲೇಲಿ ಕೆಂಪಗೆ ಕಾದಿದೆ ಸಾರ್. ಕಬ್ಬಿಣ ಒಂದ್ಸಲ ಹಾಗೆ ಕಾದ್ರೆ ಹಿಂದಿಂದು ಏನೂ ಇಟ್ಕೊಳ್ಳಲ್ಲ.”

ಉಕ್ಕಿನ ವಿಷಯದಲ್ಲಿ ಭದ್ರಾವತಿಯವರ ಮಾತಿಗೆ ನಾನು ಎದುರು ಹೇಳಲಿಲ್ಲ. ಆದರೂ ನಿಯಮದ ಪ್ರಕಾರ ಕೊಳವೆಯನ್ನು ಬೆಂಗಳೂರಿಗೆ ಒಯ್ದು ಆಸಿಡ್ ಪರೀಕ್ಷೆ ಮಾಡಿಸಿದೆ. ಏನೂ ಬರಲಿಲ್ಲ. ಆ ತಿಂಗಳು ಅವರ ಮನೆಯಲ್ಲಿ ಒಲೆಯನ್ನು ರಟ್ಟಿನಿಂದ ಬೀಸಿ ಹೊತ್ತಿಸುತ್ತಿದ್ದರೆಂದು ಕೇಳಿದೆ.

ಮುರಿದು ಸೇರಿಸಿದ ಗುರುತು ಚೌಕಟ್ಟಿನಲ್ಲಿ ಸಿಗಬಹುದೇ ಎಂದೂ ನೋಡಿದೆ. ಬೆನ್ನು ಮುರಿದಿದ್ದರೆ ಯಾವ ಜಾಗದಲ್ಲಿ ಎಂದು ಹಳೆಯ ವರದಿಯಲ್ಲಿತ್ತು. ಅಲ್ಲಿನ ನಾಲ್ಕೂ ಕೊಳವೆಗಳನ್ನು ಫೋರ್‌ಮನ್ ಬದಲಾಯಿಸಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, “ಸ್ವಲ್ಪ ಬಾಗಿದ ಹಾಗಿತ್ತು. ಲಾರೀಲಿ ತರೋವಾಗ ಬಾಗಿತೋ ಮೊದ್ಲೇ ಬಾಗಿತ್ತೋ ಅಂತ ಆಗ ಯೋಚ್ನೆ ಮಾಡ್ಲಿಲ್ಲ” ಎಂದರು. ಹೊಸ ಬೆಸುಗೆಗಳನ್ನು ನಾನು ಪರೀಕ್ಷಿಸಿದ್ದೆ. ಅಂಥ ಬೆಸುಗೆ ನನ್ನ ಸೇವೆಯಲ್ಲಿ ಕಂಡಿಲ್ಲ. ಅದನ್ನೂ ವರದಿಯಲ್ಲಿ ಬರೆದೆ. ಬೆಸುಗೆ ಎಷ್ಟು ಚೆನ್ನಾಗಿದೆ ಎಂದು ಬರೆದೆನೋ ಅಷ್ಟರಮಟ್ಟಿಗೆ ಹಳೆಯದು ಏನಿತ್ತೆಂದು ತಿಳಿಯುವ ದಾರಿ ಮುಚ್ಚಿತು.

ಡಿಸೆಂಬರಿನಲ್ಲಿ ವಿದೇಶಕ್ಕೆ ಪತ್ರ ಬರೆದೆ. ತಯಾರಕ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಹಳೆಯ ಕಾಗದಗಳನ್ನು ಕಾಪಾಡಿಕೊಂಡು ಬಂದ ಒಂದು ಸಂಘವಿತ್ತು. ಜನವರಿ ಕೊನೆಗೆ ಉತ್ತರ ಬಂತು, ಬಹಳ ಸೌಜನ್ಯದಿಂದ ಕೂಡಿತ್ತು. ಒಂದು ಮತ್ತು ಏಳು ಎರಡೂ ಒಂದೇ ಹಡಗಿನಲ್ಲಿ ಭಾರತಕ್ಕೆ ಹೋಗಿವೆ, ಎರಡೂ ಒಂದೇ ನಮೂನೆ, ಇದಕ್ಕಿಂತ ಹೆಚ್ಚು ನಮಗೆ ಗೊತ್ತಿಲ್ಲ, ಈ ವಿಮಾನವನ್ನು ಉಳಿಸಿದವರಿಗೆ ನಮ್ಮ ಅಭಿನಂದನೆ ತಿಳಿಸಿ ಎಂದಿತ್ತು. ತಿಳಿಸಿದೆ.

ಕಚೇರಿಯಲ್ಲಿ ಕಿರಿಯ ಅಧಿಕಾರಿ ಕಡತ ತಿರುವಿ ಹಾಕಿ, ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತಳು.

“ತಗಡಿನ ಫೋಟೋ ನಾನೇ ಪಾಸ್ ಮಾಡಿದ್ದೆ ಸಾರ್. ಎಷ್ಟು ಕ್ಲಿಯರಾಗಿದೆ ಅಂತ ಎಲ್ಲರಿಗೂ ತೋರಿಸಿದ್ದೆ. ನೀವು ಬರೀದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

“ಹೌದು.”

“ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

“ಹೌದು.”

“ಅವ್ರು ಮೋಸ ಮಾಡಿಲ್ಲ ಅಂತ ನೀವೇ ಬರೆದಿದ್ದೀರ.”

“ಮಾಡಿಲ್ಲ. ಮೋಸ ಮಾಡಿದ್ದರೆ ಆ ಏಳನ್ನು ಬೇರೆ ಪಂಚಿನಿಂದ ಹೊಡೆಯುತ್ತಿದ್ದರು.”

ಅವಳು ಕಡತವನ್ನು ತನ್ನತ್ತ ಎಳೆದುಕೊಂಡಳು. ಟಿಪ್ಪಣಿಯ ಕೆಳಗೆ ಸಹಿ ಹಾಕಿ ಮೇಲಕ್ಕೆ ಕಳಿಸಿದಳು. ನಾನೂ ಹಾಕಿದೆ. ನನ್ನ ಸಹಿ ಎಂದಿನಂತೆಯೇ ಬಂತು.

ಮಾರ್ಚ್ ಎರಡನೆಯ ವಾರ ಆದೇಶ ಬಂದಾಗ ಅಂಚೆಯಲ್ಲಿ ತಲುಪುವ ಮೊದಲು ನಾನೇ ಹೇಳಬೇಕೆಂದು ಭದ್ರಾವತಿಗೆ ಹೋದೆ. 

ಫೋರ್‌ಮನ್ ಷೆಡ್ಡಿನಲ್ಲಿ ಚಕ್ರಕ್ಕೆ ಗ್ರೀಸ್ ಹಾಕುತ್ತಿದ್ದರು. ಎದ್ದು ಹತ್ತಿಯಿಂದ ಕೈ ಒರೆಸಿಕೊಂಡು ಆದೇಶದ ಪ್ರತಿ ತೆಗೆದುಕೊಂಡರು. ಎರಡು ಪುಟವನ್ನೂ ನಿಧಾನವಾಗಿ ಓದಿದರು. ಒಂದು ಜಾಗದಲ್ಲಿ ಬೆರಳಿಟ್ಟು, “ಇಲ್ಲಿ ‘ಸಂಖ್ಯೆ’ ಅನ್ನೋದಕ್ಕೆ ಒತ್ತು ಬಿಟ್ಟುಹೋಗಿದೆ” ಎಂದರು. ನೋಡಿದೆ. ಹೌದು, ಬಿಟ್ಟುಹೋಗಿತ್ತು.

“ಕೆಲಸದಲ್ಲಿ ಏನೂ ಕೊರತೆ ಇಲ್ಲ ಎಂದು ಅದರಲ್ಲೇ ಬರೆದಿದೆ ಫೋರ್‌ಮನ್ರೇ.”

“ನೋಡಿದೆ ಸಾರ್.”

“ಮ್ಯೂಸಿಯಂನವರು ಕೇಳಿದರೆ ಪ್ರದರ್ಶನಕ್ಕೆ ಕೊಡಬಹುದು. ಅದಕ್ಕೆ ಅನುಮತಿ ಬೇಕಾಗಿಲ್ಲ.”

“ನಿಂತ್ಕೊಳ್ಳೋಕೆ ಯಾಕೆ ಬೇಕು ಬಿಡಿ” ಎಂದರು. ಕೋಪವಿರಲಿಲ್ಲ. ಅಳತೆ ತಪ್ಪಿದ ಜಾಬನ್ನು ಪಕ್ಕಕ್ಕೆ ಇಡುವವರ ಧ್ವನಿ. ಆಮೇಲೆ ಕೇಳಿದರು: “ನೀವು ಹೇಳಿ ಸಾರ್. ಆಫೀಸ್ ಮಾತು ಬೇಡ. ಅವತ್ತು ಬಾಲ ಎತ್ತಿತಲ್ಲ, ನೀವು ಒಳಗೇ ಕೂತಿದ್ರಿ. ಹಾರುತ್ತಾ?”

ಈ ಪ್ರಶ್ನೆಯನ್ನು ಮೂವತ್ತು ವರ್ಷದಲ್ಲಿ ಯಾರೂ ನನಗೆ ನೇರವಾಗಿ ಕೇಳಿರಲಿಲ್ಲ. ಯೋಗ್ಯವೇ ಎಂದು ಕೇಳಿದ್ದಾರೆ, ತೃಪ್ತಿಕರವೇ ಎಂದು ಕೇಳಿದ್ದಾರೆ.

“ಗೊತ್ತಿಲ್ಲ” ಎಂದೆ. ಅದು ನಿಜವಾಗಿತ್ತು.

“ನನಗೂ ಗೊತ್ತಿಲ್ಲ” ಎಂದರು. ಹೆಂಡತಿಯನ್ನು ಕರೆದು ಕಾಫಿ ಮಾಡಲು ಹೇಳಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

ಆ ತಿಂಗಳ ಕೊನೆಗೆ ಪೈಲಟ್ಟರ ವೈದ್ಯಕೀಯ ಅವಧಿ ಮುಗಿಯಿತು. ಗುರುತು ಸಾಬೀತಾಗದ ಕಾರಣ ಅರ್ಜಿ ತಿರಸ್ಕೃತವಾಗಿದೆ ಎಂಬ ಷರಾದೊಂದಿಗೆ ಏಪ್ರಿಲ್‌ನಲ್ಲಿ ಕಡತ ಮುಚ್ಚಲಾಯಿತು. ಮೇಲ್ಮನವಿ ಬರಲಿಲ್ಲ. ವಿಮಾನ ಹಾರಲಿಲ್ಲ.